ಅಂಗಡಿ ಆಟ, ಅಂಚೆ ಆಟ: ಮಕ್ಕಳಿಗೆ ವಿಂಗಡಿಸುವುದು, ಜೋಡಿಸುವುದು ಹೇಳಿಕೊಡುವ ಬಗೆ

ನಮ್ಮ ಮನೆಯ ಹಾಲ್‌ನಲ್ಲಿ ಸಂಜೆ ಆರೂವರೆ ಹೊತ್ತಿಗೆ ಕಾಲಿಡಲು ಜಾಗ ಇರುತ್ತಿರಲಿಲ್ಲ. ಬಾಟಲಿ ಮುಚ್ಚಳ, ಚನ್ನಪಟ್ಟಣದ ಬುಗುರಿ, ಹುಣಸೆ ಬೀಜ, ಒಂಟಿ ಸಾಕ್ಸ್, ಮುರಿದ ಕ್ರೇಯಾನ್, ಎಲ್ಲ ಒಂದೇ ರಾಶಿ. "ಎತ್ತಿಡು ಪುಟ್ಟಿ" ಅಂತ ನಾನು ಹತ್ತು ಸಲ ಹೇಳುತ್ತಿದ್ದೆ. ಮಗಳು ಎರಡು ಎತ್ತಿಟ್ಟು ಮೂರನೆಯದರ ಜೊತೆ ಆಡಲು ಕೂರುತ್ತಿದ್ದಳು. ಒಂದು ದಿನ ನಮ್ಮ ಅತ್ತೆ ಮೊರದಲ್ಲಿ ಹೆಸರುಕಾಳು ಆರಿಸುತ್ತಾ ಕೂತಿದ್ದವರು ಕೂತಲ್ಲಿಂದಲೇ, "ಏನಮ್ಮಾ ಅಂಗಡಿಯವ್ರೇ, ಒಂದು ಪಾವು ಹುಣಸೆ ಬೀಜ ಇದ್ಯಾ?" ಅಂತ ಕೇಳಿದರು. ಅವಳು ಅಜ್ಜಿಯ ಮುಖ ನೋಡಿದಳು, ಆಮೇಲೆ ರಾಶಿಗೆ ಕೈ ಹಾಕಿ ಕೆದಕಿದಳು. ನಾಲ್ಕೇ ಬೀಜ ಸಿಕ್ಕವು. "ಸ್ವಲ್ಪ ತಡೀರಿ ಅಜ್ಜಿ, ಇನ್ನೂ ಅಂಗಡಿ ಜೋಡಿಸ್ತಾ ಇದೀನಿ" ಅಂದಳು. ಮುಕ್ಕಾಲು ಗಂಟೆ ಅಲ್ಲಿಂದ ಏಳಲೇ ಇಲ್ಲ. ಎದ್ದಾಗ ಆ ರಾಶಿ ಏಳು ಡಬ್ಬಿಗಳಾಗಿತ್ತು.

ಅಂದಿನಿಂದ ನಮ್ಮ ಮನೆಯಲ್ಲಿ ಈ ಆಟಗಳು ಶುರುವಾಗಿ ಎರಡು ವರ್ಷ ಆಯಿತು. ಮಗಳಿಗೆ ಈಗ ಆರು, ಮಗನಿಗೆ ಮೂರು. ಏನು ನಡೆಯಿತು, ಏನು ನಡೆಯಲಿಲ್ಲ, ಹೇಗೆ ಶುರು ಮಾಡಬೇಕು ಅನ್ನುವುದನ್ನೆಲ್ಲ ಇಲ್ಲಿ ಬರೆದಿದ್ದೇನೆ.

"ಎತ್ತಿಡು" ಅನ್ನುವ ಮಾತು ಮಗುವಿಗೆ ಅರ್ಥವಾಗುವುದು ಕಷ್ಟ. ಎಲ್ಲಿಡಬೇಕು, ಯಾವುದರ ಪಕ್ಕ ಇಡಬೇಕು, ಯಾಕೆ ಅಲ್ಲೇ ಇಡಬೇಕು ಅನ್ನುವುದು ಆ ಮಾತಿನಲ್ಲಿ ಇಲ್ಲ. ನಮಗೆ ಗೊತ್ತು, ಯಾಕಂದರೆ ನಾಳೆ ಬೆಳಿಗ್ಗೆ ಹುಡುಕುವವರು ನಾವೇ. ಆಟದಲ್ಲಿ ಹುಡುಕುವ ಕೆಲಸ ಮಗುವಿನ ಮೇಲೇ ಬೀಳುತ್ತದೆ. ಗಿರಾಕಿ ಎದುರಿಗೆ ನಿಂತು ಕಾಯುತ್ತಿದ್ದಾರೆ, ಸಾಮಾನು ಸಿಗುತ್ತಿಲ್ಲ. ಆಗ ಜೋಡಿಸುವುದಕ್ಕೆ ಒಂದು ಕಾರಣ ಹುಟ್ಟುತ್ತದೆ. ಸುಳ್‌ಸುಳ್ಳೇ ಆಟವಾದರೂ ಆ ಕಾರಣ ಮಗುವಿಗೆ ಪೂರ್ತಿ ನಿಜ.

ಯಾವ ವಯಸ್ಸಿಗೆ ಎಷ್ಟು?

ಇದನ್ನು ಮೊದಲು ತಿಳಿದುಕೊಂಡರೆ ಮಕ್ಕಳ ಮೇಲೆ ಸುಮ್ಮನೆ ರೇಗುವುದು ತಪ್ಪುತ್ತದೆ. ಎರಡು ವರ್ಷದ ಆಸುಪಾಸಿನ ಮಗು "ಇದೂ ಅದೂ ಒಂದೇ ಥರ" ಅಂತ ಜೋಡಿ ಮಾಡುತ್ತದೆ, ಅಷ್ಟು ಸಾಕು. ಮೂರರ ಹೊತ್ತಿಗೆ ಬಣ್ಣ ನೋಡಿ ಬೇರೆ ಬೇರೆ ಮಾಡಬಲ್ಲದು. ಆದರೆ ಅರ್ಧದಲ್ಲಿ ನಿಯಮ ಬದಲಿಸಿದರೆ ಕಷ್ಟ. ಮಕ್ಕಳ ಮನಃಶಾಸ್ತ್ರದಲ್ಲಿ ಇದಕ್ಕೊಂದು ಹೆಸರುವಾಸಿ ಪರೀಕ್ಷೆಯೇ ಇದೆ. ಎರಡು ಬಣ್ಣದಲ್ಲಿ ಮೊಲ, ದೋಣಿ ಇಂಥ ಚಿತ್ರಗಳಿರುವ ಕಾರ್ಡುಗಳನ್ನು ಕೊಟ್ಟು ಮೊದಲು ಬಣ್ಣದ ಪ್ರಕಾರ ಹಾಕಲು ಹೇಳುತ್ತಾರೆ, ಮಗು ಸಲೀಸಾಗಿ ಹಾಕುತ್ತದೆ. ಆಮೇಲೆ "ಈಗ ಚಿತ್ರದ ಪ್ರಕಾರ ಹಾಕು" ಅಂದರೆ ಮೂರು ವರ್ಷದ ಹೆಚ್ಚಿನ ಮಕ್ಕಳು ಮತ್ತೆ ಬಣ್ಣದ ಪ್ರಕಾರವೇ ಹಾಕುತ್ತಾ ಹೋಗುತ್ತಾರೆ. ಹೊಸ ನಿಯಮ ಏನು ಅಂತ ಕೇಳಿದರೆ ಬಾಯಲ್ಲಿ ಸರಿಯಾಗಿ ಹೇಳುತ್ತಾರೆ, ಕೈ ಮಾತ್ರ ಹಳೆಯ ದಾರಿಯಲ್ಲೇ ಹೋಗುತ್ತದೆ. ಐದರ ಹೊತ್ತಿಗೆ ಬಹುಪಾಲು ಮಕ್ಕಳಿಗೆ ಈ ತಿರುವು ಸಾಧ್ಯವಾಗುತ್ತದೆ.

ನನ್ನ ಮಗನದೂ ಈಗ ಇದೇ ಕಥೆ. ಮುಚ್ಚಳಗಳನ್ನು ಕೆಂಪು, ನೀಲಿ, ಬಿಳಿ ಅಂತ ಮೂರು ತಟ್ಟೆಗೆ ಹಾಕುತ್ತಾನೆ. "ಈಗ ದೊಡ್ಡದು ಒಂದ್ಕಡೆ, ಚಿಕ್ಕದು ಒಂದ್ಕಡೆ" ಅಂದರೆ ತಲೆಯಾಡಿಸಿ ಕೆಂಪು ಮುಚ್ಚಳವನ್ನು ಕೆಂಪಿನ ತಟ್ಟೆಗೇ ಹಾಕುತ್ತಾನೆ. ಅದು ಹಟ ಅಲ್ಲ, ಅವನ ವಯಸ್ಸು. ಹಾಗಾಗಿ ನಾಲ್ಕು ವರ್ಷದ ಒಳಗಿನ ಮಕ್ಕಳಿಗೆ ಒಂದು ಆಟದಲ್ಲಿ ಒಂದೇ ನಿಯಮ ಇಟ್ಟುಕೊಳ್ಳಿ. ಬೇರೆ ನಿಯಮ ಬೇಕಾದರೆ ಬೇರೆ ಆಟವನ್ನೇ ಶುರು ಮಾಡಿ. ಬೇರೆ ಜಾಗ, ಬೇರೆ ಡಬ್ಬಿ, ಬೇರೆ ಕಥೆ.

ಸಾಮಾನು ಏನೇನು ಬೇಕು?

ದುಡ್ಡು ಕೊಟ್ಟು ತರುವ ಅಗತ್ಯವೇ ಇಲ್ಲ. ಬಾಟಲಿ ಮುಚ್ಚಳ, ದೊಡ್ಡ ಗುಂಡಿಗಳು, ಹಳೇ ಮದುವೆ ಕಾಗದ, ಖಾಲಿ ಬೆಂಕಿಪೊಟ್ಟಣ, ಚಮಚ, ಬಟ್ಟೆ ಕ್ಲಿಪ್ಪು, ಸಾಕ್ಸ್, ಬೇಳೆ ಕಾಳು. ಡಬ್ಬಿಗಳು ಮುಚ್ಚಳ ಇಲ್ಲದವು, ತಗ್ಗಿನವು, ಮಗುವಿನ ಕೈಗೆ ಎಟುಕುವಂಥವು ಇರಲಿ. ಶುರುವಿಗೆ ನಾಲ್ಕು ಸಾಕು. ಇಪ್ಪತ್ತು ಡಬ್ಬಿ ಇಟ್ಟರೆ ಮಗು ಸೋಲುತ್ತದೆ, ನಿಮಗೂ ಬೇಸರ ಬರುತ್ತದೆ.

ಸಣ್ಣ ಸಾಮಾನಿನ ವಿಷಯದಲ್ಲಿ ಮಾತ್ರ ದಯವಿಟ್ಟು ಹುಷಾರಾಗಿರಿ. ಆಟಿಕೆಗಳ ಸುರಕ್ಷತಾ ಪರೀಕ್ಷೆಯಲ್ಲಿ ಒಂದು ಸಣ್ಣ ಕೊಳವೆ ಬಳಸುತ್ತಾರೆ, ಅದರ ಬಾಯಿಯ ಅಗಲ 31.7 ಮಿಲಿಮೀಟರ್. ಅದರೊಳಗೆ ಪೂರ್ತಿ ಕೂರುವ ವಸ್ತು ಮೂರು ವರ್ಷದ ಒಳಗಿನ ಮಗುವಿನ ಗಂಟಲಿಗೆ ಅಪಾಯ ಅಂತ ಲೆಕ್ಕ. ನಮ್ಮ 10 ರೂಪಾಯಿ ನಾಣ್ಯದ ಅಗಲ 27 ಮಿಲಿಮೀಟರ್. ಅಂದರೆ ನಮ್ಮ ಕೈಗೆ ಬರುವ ನಾಣ್ಯಗಳೆಲ್ಲ ಅಪಾಯದ ಗುಂಪಿಗೇ ಬಂದವು, ಕಡಲೆ, ಬಟಾಣಿ, ಹುಣಸೆ ಬೀಜ, ನೀರಿನ ಬಾಟಲಿಯ ಮುಚ್ಚಳ ಕೂಡ. ಕಾಳುಗಳಿಗೆ ಇನ್ನೊಂದು ತೊಂದರೆ ಇದೆ: ಮೂಗಿನೊಳಗೆ ತೂರಿಸಿಕೊಂಡರೆ ಒದ್ದೆಯಾಗಿ ಉಬ್ಬುತ್ತವೆ, ತೆಗೆಯುವುದು ಕಷ್ಟ. ಚಿಕ್ಕ ಮಗು ಮನೆಯಲ್ಲಿದ್ದರೆ ಕಾಳಿನ ಆಟ ಅದು ಮಲಗಿದಾಗ, ಅದೂ ದೊಡ್ಡವರು ಪಕ್ಕದಲ್ಲಿ ಕೂತಾಗ ಮಾತ್ರ. ಗುಲಗಂಜಿ ಬೇಡವೇ ಬೇಡ. ನೋಡಲು ಎಷ್ಟು ಚೆಂದ, ಕೆಂಪಿಗೆ ಕಪ್ಪು ಚುಕ್ಕೆ, ಆದರೆ ಅಗಿದು ನುಂಗಿದರೆ ಭಾರೀ ವಿಷ. ಹರಳು ಬೀಜವೂ ಹಾಗೇ. ಗುಂಡಿಯಂಥ ಸಣ್ಣ ಬ್ಯಾಟರಿಗಳನ್ನು ಆಟದ ಡಬ್ಬಿಯ ಹತ್ತಿರಕ್ಕೂ ಬಿಡಬೇಡಿ, ನುಂಗಿದರೆ ಕೆಲವೇ ಗಂಟೆಗಳಲ್ಲಿ ಅನ್ನನಾಳವನ್ನು ಸುಟ್ಟುಬಿಡುತ್ತವೆ.

ದಿನಸಿ ಅಂಗಡಿ

ಎಲ್ಲ ಆಟಕ್ಕೂ ಇದೇ ತಾಯಿ. ಇದೊಂದನ್ನು ಚೆನ್ನಾಗಿ ಆಡಿಸಿದರೆ ಉಳಿದದ್ದು ತಾನಾಗಿ ಬರುತ್ತದೆ.

ಒಂದು ಸ್ಟೂಲೋ, ಮಣೆಯೋ, ಮಗುಚಿಟ್ಟ ರಟ್ಟಿನ ಪೆಟ್ಟಿಗೆಯೋ ಅಂಗಡಿಯ ಮುಂಗಟ್ಟು. ಮಗು ಅದರ ಹಿಂದೆ, ನೀವು ಈಚೆ. ಒಂದು ಚೀಲದಲ್ಲಿ ಹತ್ತು ಹನ್ನೆರಡು ಸಾಮಾನು ಕಲಸಿ ತನ್ನಿ. "ಸಾಮಾನಿನ ಲಾರಿ ಬಂತು, ಇಳಿಸ್ಕೊಳ್ಳಿ" ಅನ್ನಿ. ನಮ್ಮ ಮನೆಯಲ್ಲಿ ಲಾರಿ ಡ್ರೈವರ್ ಕೆಲಸ ಮಗನದು. ಪಾಂ ಪಾಂ ಅಂತ ಬರುತ್ತಾನೆ, ಚೀಲ ಸುರಿಯುತ್ತಾನೆ, ಮತ್ತೆ ಹೋಗುತ್ತಾನೆ. ಅಕ್ಕನ ಜೋಡಣೆ ಕೆಡಿಸುವ ಆಸೆ ಅವನಿಗೆ ಬರುವುದೇ ಇಲ್ಲ, ಅವನಿಗೆ ಅವನದೇ ಕೆಲಸ ಇದೆಯಲ್ಲ.

ಎಲ್ಲಿ ಏನಿಡಬೇಕು ಅಂತ ನೀವು ಹೇಳಬೇಡಿ. ಇದೇ ಎಲ್ಲಕ್ಕಿಂತ ಕಷ್ಟದ ಭಾಗ. ಬಾಯಿ ತುದಿಗೆ ಬಂದಿರುತ್ತದೆ, ಆದರೂ ತಡೆದುಕೊಳ್ಳಿ. ಮಗು ತನಗೆ ತೋಚಿದಂತೆ ಇಡಲಿ. ಆಮೇಲೆ ನೀವು ಗಿರಾಕಿಯಾಗಿ ಬನ್ನಿ.

ಗಿರಾಕಿಗಳಲ್ಲಿ ಬಗೆ ಬಗೆ ಉಂಟು. ಮೊದಲ ಗಿರಾಕಿ ಒಂದೇ ಸಾಮಾನು ಕೇಳಲಿ: "ಅರ್ಧ ಕೆಜಿ ರವೆ ಕೊಡಿ." ಎರಡನೆಯವರಿಗೆ ಅವಸರ: "ಬೇಗ ಬೇಗ ಕೊಡಿ, ಬಸ್ಸು ಹೊರಡತ್ತೆ." ಈ ಅವಸರದ ಗಿರಾಕಿ ಬಂದಾಗಲೇ ಮಗುವಿಗೆ ತನ್ನ ಜೋಡಣೆಯಲ್ಲಿ ಏನು ತೊಂದರೆ ಅಂತ ಕಾಣುವುದು. ಸಿಗಲಿಲ್ಲವಾ? "ಪರವಾಗಿಲ್ಲ, ನಾಳೆ ಬರ್ತೀನಿ" ಅಂತ ಹೊರಟುಬಿಡಿ. ಬೈಯುವುದು, ಮುಖ ಸಣ್ಣ ಮಾಡುವುದು ಬೇಡ. ನೀವು ತಿರುಗಿ ಬರುವಷ್ಟರಲ್ಲಿ ರವೆ ಮುಂದಕ್ಕೆ ಬಂದಿರುತ್ತದೆ.

ಮೂರನೆಯ ಗಿರಾಕಿ ನನಗೆ ತುಂಬ ಇಷ್ಟ. ಅವರಿಗೆ ಸಾಮಾನಿನ ಹೆಸರು ಗೊತ್ತಿಲ್ಲ, ಕೆಲಸ ಮಾತ್ರ ಗೊತ್ತು. "ನಾಳೆ ಮನೆಗೆ ನೆಂಟರು ಬರ್ತಾರೆ, ಉಪ್ಪಿಟ್ಟು ಮಾಡ್ಬೇಕು, ಏನೇನು ಬೇಕು ನೀವೇ ಕೊಡಿ." ಆಗ ಮಗು ರವೆಯ ಡಬ್ಬಿಗೆ ಹೋಗಬೇಕು, ಈರುಳ್ಳಿಯ ಬುಟ್ಟಿಗೆ ಹೋಗಬೇಕು, ಸಾಸಿವೆ, ಉದ್ದಿನಬೇಳೆ, ಕರಿಬೇವು ಹುಡುಕಬೇಕು. ಎಲ್ಲ ಬೇರೆ ಬೇರೆ ಗುಂಪಿನಲ್ಲಿದ್ದ ಸಾಮಾನು, ಉಪ್ಪಿಟ್ಟಿನ ಹೆಸರಲ್ಲಿ ಈಗ ಒಂದು ಹೊಸ ಗುಂಪಾಯಿತು. ಒಂದೇ ವಸ್ತು ಎರಡು ಗುಂಪಿಗೆ ಸೇರಬಹುದು ಅನ್ನುವುದು ದೊಡ್ಡ ತಿಳಿವಳಿಕೆ, ಅದನ್ನು ಪಾಠ ಮಾಡಿ ಹೇಳಲು ಹೋದರೆ ಆರು ವರ್ಷದ ಮಗುವಿಗೆ ತಲೆಗೆ ಹೋಗುವುದಿಲ್ಲ, ಉಪ್ಪಿಟ್ಟು ಕೇಳಿದರೆ ಕೈಯಲ್ಲೇ ಬಂದುಬಿಡುತ್ತದೆ.

ಒಂದು ಸಲ ಮಗಳು ಬೆಲ್ಲ, ಪೆನ್ಸಿಲ್, ಟೀ ಪುಡಿ ಮೂರನ್ನೂ ಒಂದೇ ಕಡೆ ಇಟ್ಟಿದ್ದಳು. ತಪ್ಪು ಅನ್ನಿಸಿತು ನನಗೆ. ಕೈ ಹಾಕುವವಳಿದ್ದೆ, ಅಷ್ಟರಲ್ಲಿ "ಇವು ಮೂರೂ ಯಾಕೆ ಒಟ್ಟಿಗೆ ಇದಾವೆ?" ಅಂತ ಕೇಳಿದೆ. "ಇವೆಲ್ಲ ಅಜ್ಜಿ ದಿನಾ ಕೇಳೋದು" ಅಂದಳು. ನಿಜ. ಅತ್ತೆ ದಿನಾ ಅವಳ ಅಂಗಡಿಗೆ ಬಂದು ಟೀ ಪುಡಿ, ಬೆಲ್ಲ ಕೇಳುತ್ತಾರೆ, ಪದಬಂಧ ತುಂಬಲು ಪೆನ್ಸಿಲ್ ಕೇಳುತ್ತಾರೆ. ನಮ್ಮ ಬೀದಿಯ ದಿನಸಿ ಅಂಗಡಿಯಲ್ಲೂ ಹೆಚ್ಚು ಖರ್ಚಾಗುವ ಸಾಮಾನು ಕೈಗೆ ಹತ್ತಿರ ಇರುತ್ತದೆ, ವರ್ಷಕ್ಕೊಮ್ಮೆ ಕೇಳುವ ಪಗಡೆ ಕಾಯಿ ಅಟ್ಟದ ಮೇಲೆ. ಅವಳು ಅದನ್ನು ನೋಡಿ ಕಲಿತಳೋ ತಾನೇ ಕಂಡುಕೊಂಡಳೋ ನನಗೆ ಗೊತ್ತಾಗಲಿಲ್ಲ. ಕೇಳದೆ ಸರಿಮಾಡಿದ್ದರೆ ಆ ಯೋಚನೆ ಅಲ್ಲೇ ಮುಗಿದುಹೋಗುತ್ತಿತ್ತು.

ಹಾಗಾಗಿ ಈ ಆಟದಲ್ಲಿ ದೊಡ್ಡವರ ಬಾಯಲ್ಲಿ ಇರಬೇಕಾದ ಮಾತು ಕೆಲವೇ. "ಇವು ಯಾಕೆ ಒಟ್ಟಿಗೆ ಇದಾವೆ?" "ಇದು ಯಾರ ಮನೆಗೆ ಸೇರತ್ತೆ?" "ಇದಕ್ಕೆ ಎಲ್ಲೂ ಜಾಗ ಸಿಗ್ಲಿಲ್ಲ ಅಲ್ವಾ, ಏನ್ ಮಾಡೋಣ?" ಈ ಕೊನೆಯ ಪ್ರಶ್ನೆಗಾಗಿ ನಮ್ಮಲ್ಲಿ ಒಂದು ಡಬ್ಬಿಯೇ ಇದೆ. ಹೆಸರು "ಎಲ್ಲಿಗೂ ಸೇರದ್ದು." ಮುರಿದ ಕೀಲಿಕೈ, ಒಂದು ಕವಡೆ, ಏನೋ ಯಂತ್ರದ ಸ್ಪ್ರಿಂಗು, ಎಲ್ಲ ಅದರಲ್ಲಿ. ಈ ಡಬ್ಬಿ ಇದ್ದರೆ ಮಗು ಅರ್ಧಕ್ಕೇ ಕೈಬಿಡುವುದಿಲ್ಲ. ಅದು ತುಂಬಿ ತುಳುಕಿದ ದಿನ ಸುರಿದು ನೋಡಿದರೆ, ಒಳಗೇ ಒಂದು ಹೊಸ ಗುಂಪು ಹುಟ್ಟಿರುತ್ತದೆ. ನಮ್ಮ ಡಬ್ಬಿಯಿಂದ "ಕಬ್ಬಿಣದ ಸಾಮಾನು" ಹೊರಬಂದದ್ದು ಹಾಗೇ.

ಕಾಳು ಯಾವುದು, ಬೇಳೆ ಯಾವುದು?

ಅಂಗಡಿ ಆಟ ಸ್ವಲ್ಪ ಹಳತಾದ ಮೇಲೆ ನಿಜವಾದ ಬೇಳೆಕಾಳು ತನ್ನಿ. ಇಲ್ಲಿ ನಮ್ಮ ಭಾಷೆಯೇ ಅರ್ಧ ಪಾಠ ಮಾಡುತ್ತದೆ. ಇಡಿಯಾಗಿದ್ದರೆ ಕಾಳು, ಒಡೆದರೆ ಬೇಳೆ. ಹೆಸರುಕಾಳು ಒಡೆದರೆ ಹೆಸರುಬೇಳೆ, ಸಿಪ್ಪೆ ಹೋಗಿ ಹಸಿರು ಕಾಳು ಹಳದಿ ಆಗುತ್ತದೆ. ಮಗುವಿಗೆ ಇದು ಜಾದೂ ಥರ. ನಾಲ್ಕು ಹೆಸರುಕಾಳು ನೆನೆಸಿ, ಸಿಪ್ಪೆ ಸುಲಿಸಿ, ಒಳಗೆ ಎರಡು ಬೇಳೆ ಇರುವುದನ್ನು ಅವರ ಬೆರಳಿನಿಂದಲೇ ಬಿಡಿಸಿ ತೋರಿಸಿ.

ಆಮೇಲೆ ಕಡಲೆಯ ಸಂಸಾರ. ಕಡಲೆಕಾಳು, ಕಡಲೆಬೇಳೆ, ಹುರಿಗಡಲೆ, ಕಡಲೆಹಿಟ್ಟು, ಇವು ನಾಲ್ಕೂ ಒಂದೇ ಮನೆಯವು. ಇದೇ ಹುರಿಗಡಲೆಗೆ ಧಾರವಾಡದ ಕಡೆ ಪುಟಾಣಿ ಅನ್ನುತ್ತಾರೆ. ನಾಲ್ಕನ್ನೂ ಸಾಲಾಗಿ ಬಟ್ಟಲಲ್ಲಿಟ್ಟು ಮಗಳನ್ನು ಕೇಳಿದೆ, ಹೇಗೆ ಜೋಡಿಸ್ತೀಯ ಅಂತ. ಅವಳು ಕಡಲೆಕಾಳನ್ನು ಹೆಸರುಕಾಳು, ಅಲಸಂದೆ ಜೊತೆ ಇಟ್ಟಳು, ಕಡಲೆಬೇಳೆಯನ್ನು ತೊಗರಿಬೇಳೆ ಜೊತೆ, ಹಿಟ್ಟನ್ನು ಅಕ್ಕಿಹಿಟ್ಟಿನ ಜೊತೆ. ಅತ್ತೆ ಬಂದು, "ಅಯ್ಯೋ, ಒಂದೇ ಮನೇವ್ರನ್ನ ಬೇರೆ ಬೇರೆ ಮಾಡ್ಬಿಟ್ಯಲ್ಲೇ" ಅಂದರು. ಅವಳು ಯೋಚನೆಯಲ್ಲಿ ಬಿದ್ದಳು. ಮಾರನೇ ದಿನ ಎರಡು ಅಂಗಡಿ ಇತ್ತು: ಒಂದರಲ್ಲಿ ಕಾಳಿನ ಸಾಲು, ಬೇಳೆ ಸಾಲು, ಹಿಟ್ಟಿನ ಸಾಲು. ಇನ್ನೊಂದರಲ್ಲಿ ಕಡಲೆ ಮನೆ, ಹೆಸರು ಮನೆ, ಉದ್ದಿನ ಮನೆ. ಎರಡೂ ಸರಿಯೇ. ಏನು ನೋಡಿ ಜೋಡಿಸುತ್ತೇವೆ ಅನ್ನುವುದರ ಮೇಲೆ ಗುಂಪು ಬದಲಾಗುತ್ತದೆ, ಈ ಇಡೀ ಬರಹದಲ್ಲಿ ನಾನು ಹೇಳಬೇಕೆಂದಿರುವ ಮುಖ್ಯ ಮಾತು ಇದೊಂದೇ. ಕಡಲೆಕಾಯಿ ಬೀಜ ಎಲ್ಲಿಗೆ ಹೋಗಬೇಕು ಅಂತ ಕೇಳಿ ನೋಡಿ. ಹೆಸರಲ್ಲಿ ಕಡಲೆ ಇದೆ, ಆದರೆ ಅದು ಕಡಲೆ ಗಿಡದ್ದಲ್ಲ, ನೆಲದೊಳಗೆ ಬಿಡುವ ಬೇರೆಯೇ ಗಿಡ. ನಮ್ಮ ಮನೆಯಲ್ಲಿ ಅದಕ್ಕೆ "ಕಡಲೆ ಮನೆಯ ಬಾಡಿಗೆದಾರರು" ಅಂತ ಜಾಗ ಸಿಕ್ಕಿದೆ.

ನನ್ನ ತಂಗಿ ಹೊರದೇಶದಲ್ಲಿದ್ದಾಳೆ. ಅವಳ ಮಗ ವಿಡಿಯೋ ಕರೆಯಲ್ಲಿ ನಮ್ಮ ಅಮ್ಮನಿಗೆ ಅಂಗಡಿ ಇಟ್ಟು ಕೊಡುತ್ತಾನೆ. ಅಮ್ಮ ಇಲ್ಲಿಂದ "ಉದ್ದಿನಬೇಳೆ ತೋರ್ಸು" ಅಂದರೆ ಅವನು ಅಲ್ಲಿ ಡಬ್ಬಿ ಎತ್ತಿ ಹಿಡಿಯಬೇಕು. ಕನ್ನಡ ಹೆಸರು ಹೇಳಿದರೇ ವ್ಯಾಪಾರ. ದೂರದಲ್ಲಿರುವವರು ಇದನ್ನು ಖಂಡಿತ ಮಾಡಿ ನೋಡಿ.

ಅಂಚೆ ಕಚೇರಿ

ಅಂಕಿ ಓದಲು ಬರುವ ಮಕ್ಕಳಿಗೆ, ಅಂದರೆ ಸುಮಾರು ಆರರ ಮೇಲಿನವರಿಗೆ, ಇದಕ್ಕಿಂತ ಒಳ್ಳೆಯ ಆಟ ನನಗೆ ಸಿಕ್ಕಿಲ್ಲ. ಹಳೇ ಮದುವೆ ಕಾಗದ, ಲಕೋಟೆ, ಕೊರಿಯರ್ ಕವರ್ ಕೂಡಿಡಿ. ನಿಮ್ಮ ನೆಂಟರ ಊರುಗಳ ಪಿನ್‌ಕೋಡ್ ದೊಡ್ಡದಾಗಿ ಬರೆಯಿರಿ. ಚಪ್ಪಲಿ ಪೆಟ್ಟಿಗೆಯಲ್ಲಿ ರಟ್ಟಿನಿಂದ ಗೂಡು ಮಾಡಿ.

ಮೊದಲು ಪಿನ್‌ಕೋಡ್ ಯಾಕೆ ಬಂತು ಅನ್ನುವ ಕಥೆ ಹೇಳಿ. ನಮ್ಮ ದೇಶದಲ್ಲಿ ಒಂದೇ ಹೆಸರಿನ ಊರುಗಳು ಎಷ್ಟೋ ಇವೆ, ರಾಮಪುರ, ಹೊಸಹಳ್ಳಿ ಯಾವ ಜಿಲ್ಲೆಗೆ ಹೋದರೂ ಸಿಗುತ್ತವೆ. ಬರೆಯುವ ಭಾಷೆಯೂ ಬೇರೆ ಬೇರೆ. ಕಾಗದ ವಿಂಗಡಿಸುವವರು ತಲೆ ಕೆಡಿಸಿಕೊಳ್ಳುತ್ತಿದ್ದರು. ಸಂಸ್ಕೃತ ಕವಿಯೂ ಆಗಿದ್ದ ಶ್ರೀರಾಮ ಭಿಕಾಜಿ ವೇಲಣಕರ್ ಅನ್ನುವ ಅಧಿಕಾರಿಯ ಮುಂದಾಳುತನದಲ್ಲಿ 1972ರ ಆಗಸ್ಟ್ 15ರಂದು ಆರು ಅಂಕಿಯ ಪಿನ್‌ಕೋಡ್ ಜಾರಿಗೆ ಬಂತು. ಮೊದಲ ಅಂಕಿ ದೇಶದ ಯಾವ ವಲಯ ಅಂತ ಹೇಳುತ್ತದೆ. ನಮ್ಮದು 5, ಆಂಧ್ರ, ತೆಲಂಗಾಣಗಳದ್ದೂ 5. ಮೊದಲ ಎರಡು ಅಂಕಿ 56ರಿಂದ 59 ಇದ್ದರೆ ಕರ್ನಾಟಕ. ಮೊದಲ ಮೂರು ಸೇರಿದರೆ ಯಾವ ವಿಂಗಡಣೆ ಜಿಲ್ಲೆ ಅಂತ ಗೊತ್ತಾಗುತ್ತದೆ, ಕೊನೆಯ ಮೂರು ಅಂಕಿ ಆ ಅಂಚೆ ಕಚೇರಿಯದು.

ಈಗ ಆಟ. ಮೊದಲ ಸುತ್ತಿನಲ್ಲಿ ಒಂದೇ ಪ್ರಶ್ನೆ: 5ರಿಂದ ಶುರುವಾಗುತ್ತದಾ ಇಲ್ಲವಾ? ಮುಂಬೈನ 400001, ಚೆನ್ನೈನ 600001 ಆಚೆ ಹೋದವು, ದೆಹಲಿಯ 110001 ಕೂಡ. ಎರಡನೇ ಸುತ್ತಿನಲ್ಲಿ ಉಳಿದ ಕಾಗದಗಳ ಎರಡನೇ ಅಂಕಿ ನೋಡಬೇಕು: ಬೆಂಗಳೂರಿನ 560001 ಒಂದು ಗೂಡಿಗೆ, ಮೈಸೂರಿನ 570001 ಮತ್ತು ಮಂಗಳೂರಿನ 575001 ಇನ್ನೊಂದಕ್ಕೆ, ಧಾರವಾಡದ 580001 ಮಗದೊಂದಕ್ಕೆ, ಬೆಳಗಾವಿಯ 590001 ಕೊನೆಯದಕ್ಕೆ. ಮೂರನೇ ಸುತ್ತಿನಲ್ಲಿ ಮೈಸೂರು, ಮಂಗಳೂರು ಇರುವ ಗೂಡು ಬಿಚ್ಚಿ ಮೂರನೇ ಅಂಕಿ ನೋಡಿದರೆ ಎರಡೂ ಬೇರೆಯಾಗುತ್ತವೆ. ದೊಡ್ಡ ರಾಶಿಯನ್ನು ಒಂದೇ ಏಟಿಗೆ ವಿಂಗಡಿಸಲು ಹೋಗದೆ, ಹಂತ ಹಂತವಾಗಿ ಸಣ್ಣದು ಮಾಡುವ ಉಪಾಯ ಇದು. ಮಗಳು ಇದನ್ನು ಆಡಿದ ಮೇಲೆ ತನ್ನ ಪುಸ್ತಕದ ಚೀಲವನ್ನೂ ಹೀಗೇ ಖಾಲಿ ಮಾಡಲು ಶುರು ಮಾಡಿದಳು, ಮೊದಲು "ಶಾಲೇದು, ಮನೇದು", ಆಮೇಲೆ ಶಾಲೇದರಲ್ಲಿ "ಬರೆಯೋದು, ಓದೋದು." ನಾನು ಹೇಳಿರಲಿಲ್ಲ.

ಆಟಕ್ಕೆ ರಂಗು ಬೇಕಾದರೆ ರೈಲು ಸೇರಿಸಿ. ರೈಲಿನ ಅಂಚೆ ಡಬ್ಬಿಯಲ್ಲಿ ಸಿಬ್ಬಂದಿ ರಾತ್ರಿಯಿಡೀ ನಿಂತು, ಓಡುವ ಗಾಡಿಯಲ್ಲೇ ಕಾಗದಗಳನ್ನು ಗೂಡು ಗೂಡಿಗೆ ಹಾಕುತ್ತಿದ್ದರು. ಮೂರು ಕುರ್ಚಿ ಸಾಲಾಗಿಟ್ಟರೆ ರೈಲು. "ಮುಂದಿನ ನಿಲ್ದಾಣ ಹುಬ್ಬಳ್ಳಿ, ಚೀಲ ರೆಡಿನಾ?" ಅಂತ ಕೂಗಿ. ಮಗನಿಗೆ ಅಂಕಿ ಬರುವುದಿಲ್ಲ, ಅವನು ಸೀಲು ಒತ್ತುತ್ತಾನೆ. ಆಲೂಗಡ್ಡೆ ಕೊಯ್ದು ಮಾಡಿದ ಸೀಲು.

ಗೊಂಬೆ ಹಬ್ಬ ಬಂದಾಗ

ಮೈಸೂರು ಸೀಮೆಯಲ್ಲಿ ನವರಾತ್ರಿಗೆ ಗೊಂಬೆ ಕೂರಿಸುವ ಮನೆಗಳಲ್ಲಿ ವರ್ಷಕ್ಕೊಮ್ಮೆ ಈ ಪಾಠ ತಾನಾಗೇ ನಡೆಯುತ್ತದೆ. ಮೆಟ್ಟಿಲು ಮೂರು, ಐದು, ಏಳು, ಒಂಬತ್ತು, ಹೀಗೆ ಬೆಸ ಸಂಖ್ಯೆಯಲ್ಲಿ. ಪಟ್ಟದ ಗೊಂಬೆಗಳಿಗೆ ಮೇಲಿನ ಜಾಗ. ಆಮೇಲೆ ದೇವರು, ಪುರಾಣದ ಕಥೆ, ಮದುವೆ ದಿಬ್ಬಣ, ಕೆಳಗೆ ಸಂತೆ, ಅಂಗಡಿ, ಉದ್ಯಾನ. ಯಾರು ಯಾವ ಮೆಟ್ಟಿಲಿಗೆ ಅನ್ನುವುದಕ್ಕೆ ಒಂದೊಂದು ಮನೆಯಲ್ಲೂ ಒಂದೊಂದು ಲೆಕ್ಕ.

ಕೆಳಗಿನ ಎರಡು ಮೆಟ್ಟಿಲು ಪೂರ್ತಿ ಮಕ್ಕಳಿಗೆ ಬಿಟ್ಟುಬಿಡಿ. ಏನು ಮಾಡಿದರೂ ಸರಿ ಅನ್ನಿ. ಹೋದ ವರ್ಷ ಮಗಳು ಮೃಗಾಲಯ ಮಾಡಿದಳು. ಹುಲಿ, ಜಿಂಕೆ ಪಕ್ಕಪಕ್ಕ ಇಡಲು ಆಗುವುದಿಲ್ಲ, ನಡುವೆ ಬೇಲಿ ಬೇಕು ಅಂತ ಐಸ್‌ಕ್ರೀಮ್ ಕಡ್ಡಿ ಚುಚ್ಚಿದಳು. ಆನೆಗೆ ನೀರಿನ ಹತ್ತಿರ ಜಾಗ. ನವಿಲು ಎಲ್ಲಿಡುವುದು ಅಂತ ತಮ್ಮನ ಜೊತೆ ಅರ್ಧ ಗಂಟೆ ಚರ್ಚೆ ನಡೆಯಿತು, ಅವನಿಗೆ ಅದು ಕೋಳಿ ಜೊತೆಗೇ ಇರಬೇಕಿತ್ತು.

ಹಬ್ಬ ಮುಗಿದ ಮೇಲೆ ಎತ್ತಿಡುವ ದಿನವನ್ನೂ ಬಿಡಬೇಡಿ. ಹಳೇ ಪಂಚೆ ಹರಿದು ಒಂದೊಂದು ಗೊಂಬೆ ಸುತ್ತಿ ಪೆಟ್ಟಿಗೆಗೆ ಹಾಕುವಾಗ, ಭಾರದ್ದು ಕೆಳಗೆ, ಹಗುರದ್ದು ಮೇಲೆ, ಜೋಡಿ ಗೊಂಬೆಗಳು ಒಂದೇ ಪೆಟ್ಟಿಗೆಯಲ್ಲಿ ಅನ್ನುವುದನ್ನು ಕಥೆಯಾಗಿ ಹೇಳಿ: "ಇವರೆಲ್ಲ ಮುಂದಿನ ದಸರಾವರೆಗೂ ಮಲಗ್ತಾರೆ, ಯಾರು ಯಾರ ಪಕ್ಕ ಮಲಗ್ಬೇಕು?" ಪೆಟ್ಟಿಗೆ ಮೇಲೆ ಮಕ್ಕಳೇ ಚಿತ್ರ ಬರೆಯಲಿ.

ಪುಸ್ತಕ, ಬಟ್ಟೆ, ಕಸ

ಗ್ರಂಥಾಲಯ ಆಟಕ್ಕೆ ಮನೆಯ ಪುಸ್ತಕಗಳೇ ಸಾಕು. ಗೊಂಬೆಗಳು ಪುಸ್ತಕ ಕೇಳಲು ಬರುತ್ತವೆ, ಕರಡಿಗೆ ಕಾಡಿನ ಕಥೆ ಬೇಕು, ಹೀಗೆ. ಇಲ್ಲಿ ನನಗೆ ಎಸ್. ಆರ್. ರಂಗನಾಥನ್ ನೆನಪಾಗುತ್ತಾರೆ. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದ ಅವರು ತರಬೇತಿಗೆಂದು ಲಂಡನ್‌ಗೆ ಹೋಗಿದ್ದಾಗ ಅಲ್ಲಿನ ಅಂಗಡಿಯೊಂದರಲ್ಲಿ ಮೆಕ್ಯಾನೊ ಆಟಿಕೆ ನೋಡಿದರು. ಅವೇ ಪಟ್ಟಿ, ಅವೇ ನಟ್ಟು ಬೋಲ್ಟು, ಜೋಡಿಸುವ ರೀತಿ ಬದಲಿಸಿದರೆ ಬೇರೆ ಬೇರೆ ಆಟಿಕೆ. ಪುಸ್ತಕಗಳನ್ನೂ ಹೀಗೇ ವಿಷಯದ ತುಣುಕುಗಳನ್ನು ಸೇರಿಸಿ ವಿಂಗಡಿಸಬಹುದು ಅಂತ ಅವರಿಗೆ ಹೊಳೆಯಿತು, 1933ರಲ್ಲಿ ಕೋಲನ್ ವರ್ಗೀಕರಣ ಪ್ರಕಟವಾಯಿತು. ಮುಂದೆ ಅವರು ಬೆಂಗಳೂರಿನಲ್ಲೇ ನೆಲೆಸಿ, 1962ರಲ್ಲಿ ಅಲ್ಲೇ ಗ್ರಂಥಾಲಯ ವಿಜ್ಞಾನದ ತರಬೇತಿ ಕೇಂದ್ರ ಕಟ್ಟಿದರು. ಅಂಥ ದೊಡ್ಡ ಪದ್ಧತಿಗೆ ಕಿಡಿ ಹೊತ್ತಿಸಿದ್ದು ಮಕ್ಕಳ ಆಟಿಕೆ ಅಂತ ನೆನೆದಾಗಲೆಲ್ಲ ನನಗೆ ಖುಷಿಯಾಗುತ್ತದೆ.

ಇಸ್ತ್ರಿ ಅಂಗಡಿ ಆಟ ಚಿಕ್ಕವರಿಗೆ ಸುಲಭ. ಒಣಗಿದ ಬಟ್ಟೆ ರಾಶಿ ಹಾಕಿ, ಯಾರದ್ದು ಯಾರಿಗೆ ಅಂತ ಗಂಟು ಕಟ್ಟಿ ಮನೆ ಮನೆಗೆ ತಲುಪಿಸುವುದು. ಸಾಕ್ಸ್ ಜೋಡಿ ಮಾಡುವುದು ಎರಡೂವರೆ ವರ್ಷದ ಮಗುವಿಗೂ ಬರುತ್ತದೆ. ಕಸದ ಗಾಡಿ ಆಟವನ್ನು ಮಕ್ಕಳು ಹೇಳದೆಯೇ ಆಡುತ್ತಾರೆ, ಬೆಳಿಗ್ಗೆ ಹಾಡು ಹಾಕಿಕೊಂಡು ಬರುವ ಗಾಡಿ ನೋಡಿರುತ್ತಾರಲ್ಲ. ಹಸಿ ಕಸ, ಒಣ ಕಸ ಅಂತ ಎರಡು ಬುಟ್ಟಿ ಇಟ್ಟು, ಬಾಳೆಹಣ್ಣಿನ ಸಿಪ್ಪೆಯ ಚಿತ್ರ, ಹಾಲಿನ ಕವರ್ ಕೊಡಿ.

ಬಾಗಿಲು ಹಾಕುವ ಹೊತ್ತು

ಎತ್ತಿಡುವುದನ್ನು ಆಟದ ಹೊರಗೆ ಇಡಬೇಡಿ, ಅದೂ ಆಟವೇ. "ಆಟ ಸಾಕು, ಎತ್ತಿಡು" ಅಂದ ಕ್ಷಣ ಮತ್ತೆ ಮೊದಲಿನ ಜಗಳ ಶುರು. "ಎಂಟು ಗಂಟೆ ಆಯ್ತು, ಅಂಗಡಿ ಬಾಗಿಲು ಹಾಕೋ ಹೊತ್ತು, ಲೆಕ್ಕ ನೋಡೋಣ್ವಾ?" ಅನ್ನಿ. ಡಬ್ಬಿ ಡಬ್ಬಿಯೂ ತನ್ನ ಜಾಗಕ್ಕೆ, ಬಾಗಿಲಿಗೆ ಒಂದು ದುಪಟ್ಟಾ, ಮುಂದೆ ಒಂದು ಊದುಬತ್ತಿ (ಸುಳ್‌ಸುಳ್ಳೇ ಊದುಬತ್ತಿ, ಹಚ್ಚುವುದು ಬೇಡ). ಐದು ನಿಮಿಷದ ಕೆಲಸ. ಡಬ್ಬಿಯ ಮೇಲೆ ಚೀಟಿ ಬೇಕಾದರೆ ಮಗುವೇ ಚಿತ್ರ ಬರೆದು ಅಂಟಿಸಲಿ. ಅಂಗಡಿಯಿಂದ ತಂದ ಅಂದದ ಚೀಟಿ ನಮಗೆ ಚೆಂದ, ತನ್ನ ಕೈಯ ಸೊಟ್ಟ ಚಿತ್ರ ಮಗುವಿಗೆ ಗುರುತು.

ಸಾಧ್ಯವಾದರೆ ಅಂಗಡಿಯನ್ನು ರಾತ್ರಿಯೂ ಹಾಗೇ ಬಿಡಿ, ಮೂಲೆಯಲ್ಲಿ ಒಂದು ಚಾಪೆಯಷ್ಟು ಜಾಗ ಸಾಕು. ಮಗು ಮಲಗಿದ ಮೇಲೆ ಹೋಗಿ ಸರಿಮಾಡುವುದು ಮಾತ್ರ ಬೇಡ. ನಾನು ಮಾಡಿದ್ದೇನೆ. ನೆಂಟರು ಬರುವವರಿದ್ದರು, ರಾತ್ರಿ ಹತ್ತು ಗಂಟೆಗೆ ಅವಳ ಡಬ್ಬಿಗಳನ್ನೆಲ್ಲ ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸಿದೆ, ಕಾಳುಗಳನ್ನು ನನಗೆ ತೋಚಿದ ಹಾಗೆ ಬದಲಿಸಿದೆ. ಬೆಳಿಗ್ಗೆ ಎದ್ದು ನೋಡಿದ ಮಗಳು ಅಳಲಿಲ್ಲ, ಕೂಗಲಿಲ್ಲ. "ಇದು ನನ್ನ ಅಂಗಡಿ ಅಲ್ಲ" ಅಂದಳು. ನಾಲ್ಕು ದಿನ ಆ ಮೂಲೆಗೆ ಹೋಗಲಿಲ್ಲ. ಐದನೇ ದಿನ ನಾನು ಡಬ್ಬಿಗಳನ್ನೆಲ್ಲ ಚಾಪೆಯ ಮೇಲೆ ಸುರಿದು, "ಲಾರಿ ಮಗುಚಿಬಿದ್ದಿದೆ, ಅಂಗಡಿಯವ್ರು ಬರ್ಬೇಕಂತೆ" ಅಂತ ಹೇಳಿದ ಮೇಲೆ ಬಂದಳು.

ಬಹುಮಾನದ ಆಸೆ ತೋರಿಸುವುದೂ ನನಗೆ ಸರಿ ಕಾಣುವುದಿಲ್ಲ. ಚಾಕೊಲೇಟಿಗಾಗಿ ಜೋಡಿಸಿದ ಮಗು ಚಾಕೊಲೇಟ್ ನಿಂತ ದಿನ ಜೋಡಿಸುವುದನ್ನೂ ನಿಲ್ಲಿಸುತ್ತದೆ. ಅಕ್ಕ ತಮ್ಮಂದಿರನ್ನು ಹೋಲಿಸುವುದಂತೂ ಬೇಡ. ಮಗುವಿಗೆ ಇವತ್ತು ಮನಸ್ಸಿಲ್ಲ ಅಂದರೆ ಬಿಟ್ಟುಬಿಡಿ. ಆಟಿಕೆಗಳು ತೀರಾ ಜಾಸ್ತಿ ಇದ್ದರೆ ಅರ್ಧ ಎತ್ತಿ ಅಟ್ಟಕ್ಕೆ ಹಾಕಿ, ತಿಂಗಳಿಗೊಮ್ಮೆ ಅದಲು ಬದಲು ಮಾಡಿ. ಇರುವುದು ಕಡಿಮೆಯಾದಷ್ಟೂ ಗುಂಪು ಮಾಡುವುದು ಸುಲಭ, ಹಳೆಯದು ಕೆಳಗೆ ಬಂದಾಗ ಹೊಸ ಸಾಮಾನಿನ ಲಾರಿಯೂ ಆಯಿತು.

ಒಂದೇ ಅಂಗಡಿ ಬೇಸರ ಬಂದರೆ ಅಂಗಡಿಯನ್ನೇ ಬದಲಿಸಿ. ಹೂವಿನ ಅಂಗಡಿ, ಔಷಧಿ ಅಂಗಡಿ, ಸೈಕಲ್ ಶಾಪ್, ಏನಾದರೂ ಸರಿ. ಮೊನ್ನೆ ಭಾನುವಾರದಿಂದ ನಮ್ಮಲ್ಲಿ ಟೈಲರ್ ಅಂಗಡಿ ತೆರೆದಿದೆ. ಅತ್ತೆಯ ಹೊಲಿಗೆ ಡಬ್ಬಿಯ ಗುಂಡಿಗಳೆಲ್ಲ ಚಾಪೆಯ ಮೇಲಿವೆ, ಮಗ ಮಲಗಿದ ಮೇಲೆ ಮಾತ್ರ. ಮೊದಲು ಬಣ್ಣದ ಪ್ರಕಾರ ಇಟ್ಟಿದ್ದಳು. ನಿನ್ನೆ ನಾನು ಅಂಗಿ ತೆಗೆದುಕೊಂಡು ಹೋಗಿ, "ಮೇಡಂ, ಇದಕ್ಕೊಂದು ಗುಂಡಿ ಬೇಕು" ಅಂದೆ. ಅವಳು ಅಂಗಿಯಲ್ಲಿದ್ದ ಉಳಿದ ಗುಂಡಿಗಳನ್ನು ಹತ್ತಿರದಿಂದ ನೋಡಿದಳು, ಬಿಳಿ ಬಟ್ಟಲಿಗೆ ಕೈ ಹಾಕಿದಳು, ಒಂದು ತೆಗೆದಳು, ಮತ್ತೆ ವಾಪಸ್ ಹಾಕಿದಳು. "ನಿಮ್ಮದಕ್ಕೆ ನಾಲ್ಕು ತೂತು ಇದೆ, ನನ್ಹತ್ರ ಎರಡು ತೂತಿಂದು, ನಾಲ್ಕು ತೂತಿಂದು ಎಲ್ಲ ಸೇರ್ಕೊಂಡಿದೆ. ನಾಳೆ ಬನ್ನಿ" ಅಂದಳು.